ಅರ್ಧ ಟ್ರ್ಯಾಕು, ಪೂರ್ತಿ ಕೆಸರು

ನಮ್ಮನೆ ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಗೂ ಹಲಸಿನ ಮರಕ್ಕೂ ಮಧ್ಯೆ, ಸುಮಾರು ನಾಲ್ಕು ಕ್ವಿಂಟಾಲ್ ಕಬ್ಬಿಣ ಬಿದ್ದುಕೊಂಡಿದೆ. ಅದರ ಮೇಲೆ ಹೀರೇಬಳ್ಳಿ ಹಬ್ಬಿದೆ. ಮನೆಗೆ ನೆಂಟರು ಬಂದಾಗ ಅಮ್ಮ ಹೀರೇಕಾಯಿ ಪಲ್ಯ ಬಡಿಸುತ್ತಾ, "ಇದು ನಮ್ಮ ಇಂಜಿನಿಯರ್ ಬೆಳೆ, ಭಾರೀ ದುಬಾರಿ" ಅಂತಾಳೆ. ನೆಂಟರಿಗೆ ಅರ್ಥ ಆಗಲ್ಲ. ನನಗೆ ಆಗುತ್ತೆ. ಆ ಕಬ್ಬಿಣ ನಾನು ನನ್ನ ಸಂಬಳದಲ್ಲಿ ಕೊಂಡು ತಂದಿದ್ದು. ಹಳೇ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಹಾಕುವ ಹಾಫ್ ಟ್ರ್ಯಾಕ್!

ಈ ಕತೆಯನ್ನು ಯಾರಿಗೂ ಹೇಳಬಾರದು ಅಂತಿದ್ದೆ. ಆದರೆ ಕಳೆದ ತಿಂಗಳು ಬೆಂಗಳೂರಿನಿಂದ ನಾಲ್ವರು ಗೆಳೆಯರು ಬಂದಿದ್ದರು. ಸಿಗಂದೂರಿನ ಸೇತುವೆ ಆದಮೇಲೆ ನಮ್ಮೂರಿಗೆ ನೆಂಟರು ಜಾಸ್ತಿ. ದೇವಿಯ ದರ್ಶನ ಮುಗಿಸಿ, ಊಟಕ್ಕೆ ಮನೆಗೆ ಬಂದವರು ಕೈ ತೊಳೆಯಲು ಹಿಂದೆ ಹೋದಾಗ ಬಳ್ಳಿಯ ಕೆಳಗಿದ್ದ ಕಬ್ಬಿಣ ನೋಡಿಬಿಟ್ಟರು. "ಅಯ್ಯೋ, ಇದು ವಿಂಟೇಜ್ ಕಣೋ! ಹಿಂಗೆ ಬಿಟ್ಟಿದ್ದೀಯಲ್ಲೋ ಪಾಪಿ!" ಅಂತ ಶುರು. ಅವರಲ್ಲೊಬ್ಬ ಹೊಸನಗರದ ಕಡೆ ಎರಡೂವರೆ ಎಕರೆ ಗದ್ದೆ ಕೊಂಡಿದ್ದಾನೆ. ಹಳೇ ಟ್ರ್ಯಾಕ್ಟರ್ ಒಂದನ್ನು ಹುಡುಕುತ್ತಿದ್ದಾನೆ. ಜೊತೆಗೆ ಹೊರದೇಶದಿಂದ ಇಂಥದ್ದೇ ಟ್ರ್ಯಾಕ್ ತರಿಸಿ, ಮಲೆನಾಡಿನ ಕೆಸರುಗದ್ದೆ ಸಮಸ್ಯೆಯನ್ನು ಪರಿಹರಿಸಿ, ಸುತ್ತಲಿನ ರೈತರಿಗೂ ಅದನ್ನೇ ಕಲಿಸುತ್ತಾನಂತೆ. ಅವನು ದುಡ್ಡು ಕಳಕೊಂಡರೆ ಅದು ಅವನ ಹಣೆಬರಹ. ಆದರೆ ಅವನ ಮಾತು ನಂಬಿ ಪಕ್ಕದ ಗದ್ದೆಯವರು ಸಾಲ ಮಾಡಿದರೆ? ಅದಕ್ಕೇ ಇದನ್ನು ಬರೀತಿದೀನಿ.

ಮೊದಲು ಇದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಯುದ್ಧದ ಟ್ಯಾಂಕಿಗೆ, ಬುಲ್ಡೋಜರಿಗೆ ಪಟ್ಟಿ ಇರುತ್ತಲ್ಲ, ಅದೇ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರದ ಮುಂದೆ ಇನ್ನೊಂದು ಸಣ್ಣ ಚಕ್ರವನ್ನು ಒಂದು ತೋಳಿನಿಂದ ಜೋಡಿಸಿ, ಎರಡನ್ನೂ ಬಳಸಿ ಕಬ್ಬಿಣದ ತಟ್ಟೆಗಳ ಪಟ್ಟಿ ಸುತ್ತುತ್ತಾರೆ. ಮುಂದಿನ ಸ್ಟೇರಿಂಗ್ ಚಕ್ರಗಳು ಹಾಗೇ ಇರುತ್ತವೆ. ಹಿಂದೆ ಪಟ್ಟಿ, ಮುಂದೆ ಚಕ್ರ. ಅದಕ್ಕೇ ಅರ್ಧ ಟ್ರ್ಯಾಕು.

ಇದರ ಚರಿತ್ರೆ ಓದಿದರೆ ಯಾರಿಗಾದರೂ ಹುಚ್ಚು ಹಿಡಿಯುತ್ತೆ, ನನಗೂ ಹಿಡಿದಿತ್ತು. 1901ರಲ್ಲಿ ಅಮೆರಿಕದ ಮೇನ್ ರಾಜ್ಯದ ಆಲ್ವಿನ್ ಲೊಂಬಾರ್ಡ್ ಎಂಬಾತ ಹಿಮದ ಕಾಡಿನಿಂದ ಮರದ ದಿಮ್ಮಿ ಎಳೆಯಲು ಹಿಂದೆ ಪಟ್ಟಿ ಇರುವ ಉಗಿಯಂತ್ರಕ್ಕೆ ಪೇಟೆಂಟ್ ಪಡೆದ. ರಷ್ಯಾದ ಝಾರ್ ದೊರೆಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಕೆಗ್ರೆಸ್ ಹಿಮದಲ್ಲಿ ಓಡಿಸಲು ಕಾರಿಗೇ ರಬ್ಬರಿನ ಪಟ್ಟಿ ಹಾಕಿದ. ಅವನದೇ ಪಟ್ಟಿ ಹಾಕಿಕೊಂಡ ಸಿಟ್ರೊಯೆನ್ ಕಾರುಗಳು 1922ರ ಡಿಸೆಂಬರಿನಲ್ಲಿ ಹೊರಟು ಮರುವರ್ಷ ಜನವರಿ ಹೊತ್ತಿಗೆ ಸಹಾರಾ ಮರುಭೂಮಿ ದಾಟಿದವು. ಇಂಗ್ಲೆಂಡಿನಲ್ಲಿ ರೋಡ್‌ಲೆಸ್ ಎಂಬ ಕಂಪನಿ ಫೋರ್ಡ್‌ಸನ್ ಟ್ರ್ಯಾಕ್ಟರುಗಳಿಗೆ ಹಾಫ್ ಟ್ರ್ಯಾಕ್ ಮಾಡಿತು. ಕೆನಡಾದ ಬೊಂಬಾರ್ಡಿಯರ್, ಅಮೆರಿಕದ ಆರ್ಪ್ಸ್ ಕಂಪನಿಗಳು ಸಣ್ಣ ಫೋರ್ಡ್ ಟ್ರ್ಯಾಕ್ಟರುಗಳಿಗೆ ಹಾಕಿ ತೆಗೆಯುವಂಥ ಜೋಡಿಗಳನ್ನು ಮಾರಿದವು. ಇವತ್ತು ಹಳೇ ಯಂತ್ರದ ಹುಚ್ಚಿನವರು ಹುಡುಕಿಕೊಂಡು ಹೋಗುವುದು ಇವನ್ನೇ.

ನಮ್ಮಪ್ಪನ ಹತ್ತಿರ ಒಂದು ಎಚ್‌ಎಂಟಿ 2511 ಇದೆ. ಶಿಕಾರಿಪುರ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದು. ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಮಾಡುತ್ತಿದ್ದ ಗಾಡಿ. ಆ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಗಾಡಿ ಮಾತ್ರ ಇವತ್ತೂ ಒಂದೇ ಸ್ಟಾರ್ಟಿಗೆ ಹೊಡಕೊಳ್ಳುತ್ತೆ. ಅಪ್ಪ ಅದನ್ನು ಟ್ರೇಲರ್ ಕೆಲಸಕ್ಕೆ, ಅಂದರೆ ಸೊಪ್ಪು, ದರಗು, ಗೊಬ್ಬರ, ಅಡಿಕೆ ಗೊನೆ ಸಾಗಿಸಲು ಮಾತ್ರ ಬಳಸುತ್ತಿದ್ದ. ಗದ್ದೆಗೆ ಇಳಿಸುತ್ತಿರಲಿಲ್ಲ. ಹೂತುಕೊಳ್ಳುತ್ತೆ ಅಂತ. ನನಗೆ ಅದು ಸಮಸ್ಯೆಯಾಗಿ ಕಂಡಿತು. ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಒಂದು ಕಾಯಿಲೆ ಇದೆ: ಯಾರೂ ದೂರು ಕೊಡದ ಕಡೆಯೂ ಬಗ್ ಹುಡುಕಿ ಫಿಕ್ಸ್ ಮಾಡಲು ಹೊರಡುವುದು :-)

ಒಬ್ಬ ಗುಜರಿ ವ್ಯಾಪಾರಿಯ ಹತ್ತಿರ ಒಂದು ಜೊತೆ ಸಿಕ್ಕಿತು. ಎಲ್ಲಿಂದ ಬಂತು ಅಂತ ಅವನೂ ಸರಿಯಾಗಿ ಹೇಳಲಿಲ್ಲ. "ಫಾರಿನ್ ಮಾಲು ಸರ್, ಇವತ್ತಿನ ಕಬ್ಬಿಣ ಅಲ್ಲ ಇದು" ಅಂದ, ಅಷ್ಟು ಸಾಕಾಯ್ತು. 2022ರ ಮೇ ತಿಂಗಳಲ್ಲಿ ಪಿಕಪ್‌ಗೆ ಹೇರಿಸಿ, ಅಂಬಾರಗೋಡ್ಲಿನಲ್ಲಿ ಲಾಂಚ್‌ಗೆ ಕಾದು, ಊರಿಗೆ ತಂದೆ. ಲಾಂಚ್‌ನಲ್ಲಿ ಪಕ್ಕ ನಿಂತಿದ್ದ ಅಜ್ಜಯ್ಯನೊಬ್ಬ ಬಗ್ಗಿ ನೋಡಿ, "ಎಂತ ಮಾರಾಯ, ಮಿಲಿಟ್ರಿಯವ್ರ ಹಂಗೆ ಹೊರಟಿದ್ದೀಯಲ. ಯಾರ ಮೇಲೆ ಯುದ್ಧ?" ಅಂದ. ಇಡೀ ಲಾಂಚ್ ನಕ್ಕಿತು. ನಾನೂ ನಕ್ಕೆ. ಆಗ ಗೊತ್ತಿರಲಿಲ್ಲ, ಯುದ್ಧ ಅಪ್ಪನ ಗದ್ದೆಯ ಮೇಲೆ ಅಂತ.

ಹಿಂದಿನ ಟೈರಿಗೆ ಪಟ್ಟಿ ಸರಿ ಹೊಂದಲಿಲ್ಲ. ಸಾಗರಕ್ಕೆ ಎರಡು ಸಲ ಓಡಾಡಿ ಲೇತ್ ಕೆಲಸ, ವೆಲ್ಡಿಂಗ್ ಎಲ್ಲ ಮಾಡಿಸಿ, ಜೂನ್ ಕೊನೆಗೆ ಹಾಕಿದೆವು. ಅಪ್ಪ ಒಂದೇ ಮಾತು ಹೇಳಿದ್ದು: "ಅಪ್ಪಿ, ಹಿಂದಿನ ಚಕ್ರಕ್ಕೇನೋ ಚಪ್ಪಲಿ ಹೊಲಿಸಿದೆ. ಮುಂದಿನದಕ್ಕೆ ಎಂತ ಮಾಡ್ತೀಯ?" ಐದು ವರ್ಷದ ಕೆಲಸದ ಅನುಭವ ಇರುವ ನಾನು ಈ ಪ್ರಶ್ನೆಗೆ ಉತ್ತರ ಕೊಡದೆ ಗಾಡಿ ಇಳಿಸಿದೆ. ಎರಡನೇ ಸುತ್ತಿನಲ್ಲಿ ಮುಂದಿನ ಎರಡೂ ಚಕ್ರ ಆಕ್ಸಲ್‌ವರೆಗೆ ಹೂತುಹೋದವು. ಹಿಂದೆ ತೆಗೆಯಲು ಹೋದರೆ ಪಟ್ಟಿ ಕಳಚಿಕೊಂಡಿತು. ಆರು ಜನ, ಎರಡು ಹಲಗೆ, ಕೊನೆಗೆ ಪಕ್ಕದ ಮನೆ ಅಣ್ಣಯ್ಯನ ಟ್ರ್ಯಾಕ್ಟರು, ಉದ್ದದ ಹಗ್ಗ... ಸಂಜೆ ಆರೂವರೆಗೆ ಗಾಡಿ ಮೇಲೆ ಬಂತು. ಎರಡು ಅಂಚು ಒಡೆದು, ಕೆಳಗಿನ ಗದ್ದೆಯಲ್ಲಿ ಹಾಕಿದ್ದ ಸಸಿಮಡಿಗೆ ನೀರು ನುಗ್ಗಿತ್ತು. ಸಸಿಮಡಿ ನಮ್ಮದಲ್ಲ, ಅಣ್ಣಯ್ಯನದ್ದು! ಆ ವರ್ಷ ನಮ್ಮ ಮಡಿಯಿಂದ ಅರ್ಧ ಸಸಿ ಅವರಿಗೆ ಕೊಟ್ಟೆವು, ನಮ್ಮ ಎರಡು ಗದ್ದೆ ಹಾಗೇ ಉಳಿಯಿತು.

ನನ್ನ ಮೂರ್ಖತನಕ್ಕೆ ಯಂತ್ರವನ್ನು ಬೈಯಬೇಡ ಅಂತೀರಿ. ಸರಿ. ಲೆಕ್ಕಕ್ಕೇ ಬರೋಣ.

ಗೆಳೆಯರ ಮೊದಲ ವಾದ: ಪಟ್ಟಿ ಹಾಕಿದರೆ ಭಾರ ಹಂಚಿಹೋಗುತ್ತೆ, ನೆಲದ ಮೇಲೆ ಒತ್ತಡ ಕಡಿಮೆ. ನಿಜ. ಉದಾಹರಣೆಗೆ 1,800 ಕೆ.ಜಿ.ಯ ಟ್ರ್ಯಾಕ್ಟರ್, ಹಿಂದೆ 1,200, ಮುಂದೆ 600 ಅಂತಿಟ್ಟುಕೊಳ್ಳಿ. ಹಿಂದಿನ ಒಂದು ಟೈರು 30 ಸೆ.ಮೀ. ಅಗಲ, 40 ಸೆ.ಮೀ. ಉದ್ದ ನೆಲಕ್ಕೆ ತಾಗಿದರೆ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ. ಒತ್ತಡ. ಅದೇ ಜಾಗದಲ್ಲಿ 120 ಸೆ.ಮೀ. ಉದ್ದದ ಪಟ್ಟಿ ಬಂದರೆ, ಪಟ್ಟಿಯದ್ದೇ ಎರಡು ಕ್ವಿಂಟಾಲ್ ಸೇರಿಸಿದರೂ, 0.22 ಕೆ.ಜಿ. ಅರ್ಧಕ್ಕಿಂತ ಕಡಿಮೆ. ನಾನೂ ಇಷ್ಟೇ ಲೆಕ್ಕ ಹಾಕಿ ಪುಸ್ತಕ ಮುಚ್ಚಿದ್ದೆ. ಮುಂದಿನದ್ದು ನೋಡಿ. ಸಣ್ಣ ಟೈರು, ಒಂದೊಂದರ ಮೇಲೆ 300 ಕೆ.ಜಿ., ನೆಲಕ್ಕೆ ತಾಗುವ ಜಾಗ 12 ಸೆ.ಮೀ. ಅಗಲ, 15 ಉದ್ದ. ಚದರ ಸೆಂಟಿಮೀಟರಿಗೆ 1.67 ಕೆ.ಜಿ.! ಪಟ್ಟಿಯ ಏಳೂವರೆ ಪಟ್ಟು. ಹಿಂದೆ ದೋಣಿ, ಮುಂದೆ ಹಾರೆ.

"ಉಳುವಾಗ ಭಾರ ಹಿಂದಕ್ಕೆ ಬರುತ್ತಲ್ಲ, ಮುಂದಿನದು ಹಗುರ ಆಗುತ್ತೆ" ಅಂತಾನೆ ಒಬ್ಬ. ಆಗುತ್ತಪ್ಪ. ಹಗುರಾದ ಮುಂದಿನ ಚಕ್ರ ಕೆಸರಲ್ಲಿ ಯಾವ ಕಡೆ ತಿರುಗಿಸಿದರೂ ಗಾಡಿ ನೇರ ಹೋಗುತ್ತೆ, ಹಿಂದೆ ಉದ್ದದ ಪಟ್ಟಿ ನೆಲ ಕಚ್ಚಿಕೊಂಡಿರುತ್ತಲ್ಲ. ಭಾರ ಇದ್ದರೆ ಹೂಳುತ್ತೆ, ಇಲ್ಲದಿದ್ದರೆ ತಿರುಗಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಬೇಕಾ? ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರುಗಳಲ್ಲಿ ದಕ್ಷಿಣ ಧ್ರುವಕ್ಕೆ ಹೋಗಿ 1958ರ ಜನವರಿ 4ರಂದು ತಲುಪಿದ. ಹಳೇ ಟ್ರ್ಯಾಕ್ಟರ್ ಭಕ್ತರೆಲ್ಲ ಇದನ್ನು ಮಂತ್ರದ ಹಾಗೆ ಹೇಳುತ್ತಾರೆ, ನನ್ನ ಗೆಳೆಯರೂ ಹೇಳಿದರು. ಆದರೆ ಆ ಟ್ರ್ಯಾಕ್ಟರುಗಳ ಫೋಟೋ ಸರಿಯಾಗಿ ನೋಡಿ. ಪಟ್ಟಿ ಹಿಂದಿನ ಚಕ್ರಕ್ಕೆ ಮಾತ್ರ ಇಲ್ಲ. ಹಿಂದಿನದು, ಮಧ್ಯದ ಹೆಚ್ಚುವರಿ ಚಕ್ರ, ಮುಂದಿನದು ಎಲ್ಲವನ್ನೂ ಸುತ್ತಿಕೊಂಡು ಬಂದಿದೆ. ಅದು ಪೂರ್ತಿ ಟ್ರ್ಯಾಕು. ಅಷ್ಟು ದೊಡ್ಡ ಸಾಹಸಿಯೇ ಮುಂದಿನ ಚಕ್ರವನ್ನು ನಂಬಲಿಲ್ಲ, ನಾನು ನಂಬಿದ್ದೆ!

ಎರಡನೆಯದು ಇನ್ನೂ ಮುಖ್ಯ. ಭತ್ತದ ಗದ್ದೆಯಲ್ಲಿ ನಮಗೆ ಕೆಸರಿನ ಮೇಲೆ ತೇಲುವ ಯಂತ್ರ ಬೇಕೇ ಆಗಿಲ್ಲ. ತಲೆತಲಾಂತರದಿಂದ ನೀರು ಕಟ್ಟಿ ಉತ್ತ ಗದ್ದೆಯಲ್ಲಿ ಕೆಸರಿನ ಕೆಳಗೆ ಒಂದು ಗಟ್ಟಿ ಪದರ ಇರುತ್ತೆ. ನೀರು ಇಂಗದೆ ನಿಲ್ಲುವುದೇ ಅದರಿಂದ. ಟ್ರ್ಯಾಕ್ಟರಿಗೆ ಹಾಕುವ ಕೇಜ್‌ವೀಲ್ ಇದೆಯಲ್ಲ, ಕಬ್ಬಿಣದ ಪಂಜರದ ಚಕ್ರ, ಅದು ಕೆಸರನ್ನು ಕೊಚ್ಚುತ್ತಾ ಇಳಿದು ಆ ಗಟ್ಟಿ ಪದರದ ಮೇಲೆ ಕಾಲೂರಿ ನಡೆಯುತ್ತೆ. ಎರಡು ಕೆಲಸ ಒಟ್ಟಿಗೆ: ಹಿಡಿತವೂ ಆಯ್ತು, ಮಣ್ಣು ಕಲಸಿದ್ದೂ ಆಯ್ತು. ಪಟ್ಟಿ ಕಲಸುವುದಿಲ್ಲ, ಒತ್ತಿ ಮೆತ್ತುತ್ತೆ. ಹಿಮದಲ್ಲಿ ಅದು ಒಳ್ಳೇದು, ಯಾಕೆಂದರೆ ಹಿಮದಲ್ಲಿ ಯಾರೂ ನಾಟಿ ಮಾಡಲ್ಲ. ನಮ್ಮಲ್ಲಿ ಪಟ್ಟಿ ಓಡಿಸಿದ ಮೇಲೆ ಕಲಸಲು ಇನ್ನೊಂದು ಯಂತ್ರ ತರಬೇಕು.

ತಳವೇ ಸಿಗದ ಜೌಗು ಗದ್ದೆಗಳಿವೆ, ಅಲ್ಲಿ ಕೇಜ್‌ವೀಲ್ ಕೂಡ ಸೋಲುತ್ತೆ ಅನ್ನುವುದು ನಿಜ. ಆದರೆ ಅಲ್ಲಿ ಮೊದಲು ಬೇಕಾದ್ದು ಬಸಿಗಾಲುವೆ. ನಾಲ್ಕು ದಿನ ಹಾರೆ ಗುದ್ದಲಿಯ ಕೆಲಸ. ಅದನ್ನು ಬಿಟ್ಟು ಕೆನಡಾದಿಂದ ಕಬ್ಬಿಣ ತರಿಸುವುದು ತಲೆನೋವಿಗೆ ಪೇಟ ಕಟ್ಟಿದ ಹಾಗೆ.

ಮೂರನೆಯದು ಗದ್ದೆಯ ಅಳತೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ನಿಂತಾಗ ಹೊಳೆಬದಿಯ ಅಗಲದ ಬಯಲುಗದ್ದೆಗಳು ನೀರೊಳಗೆ ಹೋದವು. ನಮ್ಮಜ್ಜ ಹಿನ್ನೀರಿನ ಕಡೆ ಕೈ ತೋರಿಸಿ "ಅಲ್ಲಿ ಒಂದೇ ಗದ್ದೆಗೆ ನಾಲ್ಕು ಜೊತೆ ಎತ್ತು ಕಟ್ಟಿ ಹೂಡ್ತಿದ್ರು" ಅನ್ನುತ್ತಿದ್ದ. ಈಗ ನಮಗೆ ಉಳಿದಿರುವುದು ಗುಡ್ಡದ ಸಂದಿನ ಮೆಟ್ಟಿಲುಗದ್ದೆಗಳು. ಕೆಲವು ಇಪ್ಪತ್ತು ಅಡಿ ಅಗಲವೂ ಇಲ್ಲ. ಪಟ್ಟಿ ಹಾಕಿದ ಗಾಡಿ ತಿರುಗಲು ಒಂದು ಕಡೆಯ ಬ್ರೇಕ್ ಒತ್ತಿ ನೆಲವನ್ನು ಕೆತ್ತಿಕೊಂಡೇ ತಿರುಗಬೇಕು. ಪ್ರತಿ ತಿರುವಿಗೂ ಅಂಚಿಗೆ ಏಟು. ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಹೊಯ್ಯುತ್ತೆ. ನಮ್ಮ ಕಡೆಯೇನೂ ಕಮ್ಮಿ ಮಳೆಯಲ್ಲ. ಈ ಮಳೆಯಲ್ಲಿ ಒಂದು ಅಂಚು ಒಡೆದರೆ ಬರೀ ಒಂದು ಗದ್ದೆ ಹೋಗಲ್ಲ, ಕೆಳಗಿನ ಐದು ಗದ್ದೆಯವರ ಜೊತೆ ಜಗಳ ಆಗುತ್ತೆ.

ನಾಲ್ಕನೆಯದು "ಹಳೇ ಯಂತ್ರ ಗಟ್ಟಿ, ಯಾರು ಬೇಕಾದ್ರೂ ರಿಪೇರಿ ಮಾಡಬಹುದು" ಅನ್ನುವ ಮಾತು. ಎಂಜಿನ್ ಬಗ್ಗೆ ಹೇಳಿದರೆ ಒಪ್ಪುತ್ತೇನೆ. ಪಟ್ಟಿಗೆ ಈ ಮಾತು ನಡೆಯಲ್ಲ. ಪಟ್ಟಿ ಅಂದರೆ ಹತ್ತಾರು ಕೊಂಡಿ, ಹತ್ತಾರು ಪಿನ್ನು. ನಲವತ್ತು ಪಿನ್ ಇದ್ದು ಒಂದೊಂದೂ ಬರೀ ಅರ್ಧ ಮಿಲಿಮೀಟರ್ ಸವೆದರೆ ಪಟ್ಟಿ ಎರಡು ಸೆಂಟಿಮೀಟರ್ ಉದ್ದವಾಯ್ತು. ಸಡಿಲಾದ ಪಟ್ಟಿ ತಿರುವಿನಲ್ಲೇ ಕಳಚುವುದು, ಅದೂ ಕೆಸರಿನ ನಡುವೆ. ನಮ್ಮ ಮಣ್ಣಿನ ನೊರಜು ಪಿನ್ನಿನ ಸಂದಿಗೆ ಹೋಗಿ ಸಾಣೆಕಲ್ಲಿನ ಕೆಲಸ ಮಾಡುತ್ತೆ. ಸಾಗರದ ಲೇತ್‌ನವರು ಪಿನ್ ಮಾಡಿಕೊಡುತ್ತಾರೆ, ಕೈಚಳಕಕ್ಕೇನೂ ಕಮ್ಮಿ ಇಲ್ಲ. ಆದರೆ ಸರಿಯಾದ ಉಕ್ಕು, ಸರಿಯಾದ ಹದ ಬೇಡವಾ? ನನಗೆ ಮಾಡಿಕೊಟ್ಟವರೇ ಹೇಳಿದ್ದರು, "ಇದು ಬಾಳಿಕೆ ಬರೂದಿಲ್ಲ ತಮ್ಮಾ, ಸುಮ್ನೆ ದುಡ್ಡು ಹಾಳು" ಅಂತ. ಕೆಲಸ ಕೊಡಲು ಬಂದ ಗಿರಾಕಿಗೆ ಇಷ್ಟು ಹೇಳಿದವರು ನನ್ನ ಪಾಲಿಗೆ ದೇವರು. ಮಾತು ಕೇಳದವನು ನಾನು.

ಇನ್ನು ರಸ್ತೆ. ಮನೆ ಒಂದು ಕಡೆ, ಗದ್ದೆ ಇನ್ನೊಂದು ಕಡೆ, ಮಧ್ಯೆ ಊರಿನ ಕಾಂಕ್ರೀಟ್ ರಸ್ತೆ. ಕೇಜ್‌ವೀಲ್ ಹಾಕಿಕೊಂಡೇ ಟಾರು ರಸ್ತೆ ಮೇಲೆ ಓಡಿಸಿ ರಸ್ತೆ ಕಿತ್ತುಹಾಕುವವರ ಮೇಲೆ ಗಂಗಾವತಿ, ರಾಯಚೂರು ಕಡೆ ಎಚ್ಚರಿಕೆ, ದಂಡ ಎಲ್ಲ ಆಗುತ್ತಲೇ ಇರುತ್ತೆ. ಸರಿಯೇ. ಆದರೆ ಕೇಜ್‌ವೀಲನ್ನು ಗದ್ದೆ ಬುಡದಲ್ಲಿ ಬಿಚ್ಚಿ ಹಾಕಬಹುದು. ಹಾಫ್ ಟ್ರ್ಯಾಕ್ ಹಾಕಲು ನಮಗೆ ಮೂರು ಜನಕ್ಕೆ ಒಂದು ಬೆಳಗು ಪೂರ್ತಿ ಬೇಕಾಯ್ತು. ದಿನಾ ಬಿಚ್ಚಿ ಹಾಕುವವರು ಯಾರು?

ಇಷ್ಟೆಲ್ಲ ಹೇಳಿದರೆ ಗೆಳೆಯರು "ಹಾಗಾದ್ರೆ ನೀನು ಯಂತ್ರಗಳ ವಿರೋಧಿ, ಎತ್ತು ಕಟ್ಟು ಅಂತೀಯಾ" ಅಂತಾರೆ. ಇಲ್ಲ ಮಾರಾಯ್ರೇ! ಎತ್ತು ಸಾಕಲು ನಮ್ಮೂರಿನಲ್ಲಿ ಜನ ಎಲ್ಲಿದ್ದಾರೆ? ಎತ್ತಿನ ಬಗ್ಗೆ ಕಣ್ಣೀರು ಹಾಕುವವರೂ ಬೆಂಗಳೂರಿನವರೇ. ನಮಗೆ ಯಂತ್ರ ಬೇಕೇ ಬೇಕು. ಯಾವುದು ಅನ್ನುವುದು ಪ್ರಶ್ನೆ.

ಉತ್ತರ ಹೊಸದೇನಲ್ಲ. 1967ರಲ್ಲಿ ಶುರುವಾದ ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಮಾಡಿತು. ಜಪಾನೂ ಸಣ್ಣ ಗದ್ದೆಗಳ ದೇಶವೇ, ಭತ್ತದ ದೇಶವೇ. ಅದಕ್ಕೇ ಆ ಯಂತ್ರ ನಮ್ಮ ಗದ್ದೆಯಲ್ಲಿ ನಮ್ಮೂರಲ್ಲೇ ಹುಟ್ಟಿದ ಹಾಗೆ ಓಡಾಡುತ್ತೆ. ಮೂಲೆಯಲ್ಲಿ ಹ್ಯಾಂಡಲ್ ಹಿಡಿದು ತಿರುಗಿಸಿದರಾಯ್ತು. ಯಾರೂ ಅದರ ಫೋಟೋ ತೆಗೆದು ಗೋಡೆಗೆ ಹಾಕಲ್ಲ, ಯಾರೂ ಅದರ ಮೇಲೆ ಧ್ರುವಯಾತ್ರೆ ಮಾಡಿಲ್ಲ. ಮಲೆನಾಡಿನ ಭತ್ತ ಇಷ್ಟಾದರೂ ಉಳಿದಿದ್ದರೆ ಅದರಲ್ಲಿ ಆ ಡುಗುಡುಗು ಗಾಡಿಯ ಪಾಲು ದೊಡ್ಡದು.

ತಮಾಷೆ ಅಂದ್ರೆ, ಟ್ರ್ಯಾಕ್ ಕೂಡ ನಮ್ಮೂರಿಗೆ ಬಂದೇ ಬಂದಿದೆ. ಆದರೆ ಕಟಾವಿಗೆ. ರಬ್ಬರ್ ಪಟ್ಟಿಯ ಕೊಯ್ಲು ಯಂತ್ರಗಳು ಲಾರಿ ಏರಿಕೊಂಡು ಬರುತ್ತವೆ, ಹಸಿ ಗದ್ದೆಗೂ ಇಳಿಯುತ್ತವೆ. ಮುಂದೆ ಹೂತುಕೊಳ್ಳಲು ಚಕ್ರವೇ ಇಲ್ಲ, ಪೂರ್ತಿ ಪಟ್ಟಿ, ಸ್ಥಳದಲ್ಲೇ ತಿರುಗುತ್ತವೆ. ಕೆಲಸ ನೋಡಿ ಮಾಡಿದ ಯಂತ್ರ ಅದು. ಮೊದಲು ಹಿನ್ನೀರು ಇಳಿದ ಬೇಸಿಗೆಗಳಲ್ಲಿ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ದೊಡ್ಡ ಯಂತ್ರ ಈಚೆ ಬರಬೇಕಾದರೆ ಸುತ್ತು ಹಾಕಬೇಕಿತ್ತು. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ತೆರೆದ ಮೇಲೆ ಆ ತೊಂದರೆ ಮುಗಿಯಿತು.

ಈಗ ನಿಜವಾದ ತೊಂದರೆ ಬೇರೆ. ನಾಟಿಯ ಹದ ಬರುವುದು ಎಲ್ಲರಿಗೂ ಒಂದೇ ವಾರ. ಟಿಲ್ಲರ್ ಇದ್ದವರಿಗೆ ಅವರದ್ದೇ ಕೆಲಸ ಮುಗಿದಿರಲ್ಲ. ಗದ್ದೆಗೆ ಯಂತ್ರ ಇಳಿಸಲು ದಾರಿ ಇರಲ್ಲ, ದಾರಿ ಬಿಡಲು ಪಕ್ಕದವರ ಮನಸ್ಸು ಇರಲ್ಲ. ಕೂಲಿ ಸಿಗಲ್ಲ. ಹೀಗಾಗಿ ಒಂದು ವರ್ಷ ಗದ್ದೆ ಬೀಳು ಬಿಡುತ್ತಾರೆ, ಮರುವರ್ಷ ಮಣ್ಣು ಏರಿಸಿ ಅಡಿಕೆ ಸಸಿ ನೆಡುತ್ತಾರೆ. ಆಮೇಲೆ ಅದು ಗದ್ದೆ ಆಗಿ ವಾಪಸ್ ಬರಲ್ಲ. ನಾನು ಆ ಕಬ್ಬಿಣಕ್ಕೆ, ಲೇತ್‌ಗೆ, ಪಿಕಪ್‌ಗೆ ಸುರಿದ ದುಡ್ಡನ್ನು ನಮ್ಮ ಸಾಲಿನ ಆರು ಮನೆ ಸೇರಿ ಹಂಚಿಕೊಳ್ಳುವ ಒಂದು ಹಳೇ ಟಿಲ್ಲರಿಗೆ ಪಾಲಾಗಿ ಹಾಕಿದ್ದರೆ, ಆ ವರ್ಷ ಎರಡು ಗದ್ದೆ ಖಾಲಿ ಬೀಳುತ್ತಿರಲಿಲ್ಲ. 2014-15ರಲ್ಲಿ ಶುರುವಾದ ಸರ್ಕಾರದ ಕೃಷಿ ಯಂತ್ರಧಾರೆಯ ಯೋಚನೆಯೂ ಇದೇ: ಕೊಳ್ಳಬೇಡ, ಬಾಡಿಗೆಗೆ ತಗೋ. ಹೋಬಳಿಗೊಂದು ಕೇಂದ್ರ ಇದ್ದರೂ ಸಾಲದ ವಾರವೊಂದು ವರ್ಷದಲ್ಲಿ ಬರುತ್ತೆ. ಆ ವಾರಕ್ಕೆ ಊರೊಳಗೇ ಒಂದು ಪಾಲಿನ ಯಂತ್ರ ಬೇಕು. ಎರಡೂವರೆ ಎಕರೆಯ ಗೆಳೆಯ ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಲಿ. ಅವನಿಗೆ ಒಳ್ಳೆಯ ನೆರೆಹೊರೆಯೂ ಸಿಗುತ್ತೆ, ಕಬ್ಬಿಣದಿಂದ ಅದು ಸಿಗಲ್ಲ.

ಹಳೇ ಯಂತ್ರ ಇಷ್ಟಪಡುವುದು ತಪ್ಪಲ್ಲ. ಎಚ್‌ಎಂಟಿಯ ಸದ್ದು ಕೇಳಿದರೆ ನನಗೆ ಇವತ್ತೂ ಖುಷಿ. ಹಾಫ್ ಟ್ರ್ಯಾಕ್ ಕೊಳ್ಳಿ, ಬಣ್ಣ ಹೊಡೆಯಿರಿ, ಒಣ ಅಂಗಳದಲ್ಲಿ ಓಡಿಸಿ, ನಾನೇ ಬಂದು ಫೋಟೋ ತೆಗೆಯುತ್ತೇನೆ. ಆದರೆ ಅದನ್ನು ರೈತನ ಸಮಸ್ಯೆಗೆ ಪರಿಹಾರ ಅಂತ ಕರೆಯಬೇಡಿ. ನಿಮ್ಮ ಹವ್ಯಾಸದ ಖರ್ಚಿಗೆ ಇನ್ನೊಬ್ಬರ ಸಸಿಮಡಿ ಒತ್ತೆ ಇಡಬೇಡಿ. ಗದ್ದೆಗೆ ಇಳಿಯುವ ಮೊದಲು ಅಂಚಿನ ಮೇಲೆ ಕೂತಿರುವವರನ್ನು ಒಂದು ಮಾತು ಕೇಳಿ. ನಮ್ಮಪ್ಪ ಒಂದೇ ಪ್ರಶ್ನೆ ಕೇಳಿದ್ದ, ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಗಳ ಇದ್ದವರು ಬನ್ನಿ, ಮಾತಾಡೋಣ. ಊಟಕ್ಕೆ ಹೀರೇಕಾಯಿ ಪಲ್ಯ ಇರುತ್ತೆ. ಕಬ್ಬಿಣ ಬೇಕಾದವರಿಗೆ ಗುಜರಿ ಬೆಲೆಗೆ ಕೊಡುತ್ತೇನೆ, ಬಳ್ಳಿ ಒಣಗಿದ ಮೇಲೆ. ಅಮ್ಮ ಅದಕ್ಕಿಂತ ಮೊದಲು ಮುಟ್ಟಲು ಬಿಡಲ್ಲ.